ಬೀಗರ ಎಲೆಗೆ ಬಿದ್ದ ವಡೆ

ದಿನವೂ ರಾತ್ರಿ ಒಂಬತ್ತಕ್ಕೆ ನಮ್ಮ ನಡುಮನೆಯಲ್ಲಿ ಯುದ್ಧ ನಡೆಸಿಕೊಡುವ ಸುದ್ದಿ ವಾಹಿನಿಯ ಪ್ರಧಾನ ಸಂಪಾದಕರಿಗೆ,

ಮಾನ್ಯರೇ, ತಮ್ಮ ದಯೆಯಿಂದ ನನ್ನ ಅಕ್ಕನ ಮಗಳ ಮದುವೆಯಲ್ಲಿ ಸೋದರಮಾವನ ಸ್ಥಾನ ನನ್ನ ಕೈ ತಪ್ಪಿದೆ. ಅದನ್ನು ತಾವೇ ವಾಪಸು ಕೊಡಿಸಬೇಕು. ವಿಷಯ ಇಷ್ಟೇ. ಇಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ತಾವು ಒಂದು ಸಾಲಿನ ಸುದ್ದಿಯನ್ನು ಮೂರು ಗಂಟೆ ಎಳೆಯುವವರು. ನನ್ನ ಎರಡು ಪುಟ ತಮಗೆ ಭಾರವಾಗಲಾರದು.

ನಾನು ಯಾರೆಂದು ತಮಗೆ ತಿಳಿದಿರಬೇಕು. ಕಡೂರು ತಾಲ್ಲೂಕು ಪಂಚನಹಳ್ಳಿಯ ಈರಪ್ಪ. ಊರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ್ದೇನೆ. ನಕ್ಷೆ ಬರೆಯುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಮೇಷ್ಟ್ರು ಭಾರತದ ಭೂಪಟವನ್ನು ಬೋರ್ಡಿನ ಮೇಲೆ ನನ್ನ ಕೈಯಲ್ಲೇ ಬರೆಸುತ್ತಿದ್ದರು. ಲಂಕೆ ಮಾತ್ರ ಒಮ್ಮೊಮ್ಮೆ ದೊಡ್ಡದಾಗುತ್ತಿತ್ತು. ಇದಲ್ಲದೆ ನಮ್ಮ ಕೇರಿಯಲ್ಲಿ ಪರವಾನಗಿ ಇರುವ ಕೋವಿ ನನ್ನದೊಂದೇ. ಒಂಟಿ ನಳಿಗೆಯದು, ತಾತನ ಕಾಲದ್ದು, ಜೋಳಕ್ಕೆ ಬೀಳುವ ಹಂದಿಗಳನ್ನು ಬೆದರಿಸಲಿಕ್ಕೆ ಇಟ್ಟದ್ದು. ಒಮ್ಮೆ ಆಕಾಶಕ್ಕೆ ಹಾರಿಸಿದ್ದೇನೆ. ಹಂದಿಗಳು ತಲೆಯೆತ್ತಿ ನೋಡಿ ಮತ್ತೆ ಊಟ ಮುಂದುವರಿಸಿದವು ಎಂದು ನನ್ನ ಹೆಂಡತಿ ಮಲ್ಲಿಕಾಂಬ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ; ಅವಳು ಆವತ್ತು ಅಲ್ಲಿರಲೇ ಇಲ್ಲ. ನಕ್ಷೆಯೂ ಗೊತ್ತು, ಆಯುಧವೂ ಗೊತ್ತು ಎಂದ ಮೇಲೆ, ತಮ್ಮ ಯುದ್ಧ ಶುರುವಾದಾಗ ಅದನ್ನು ಊರಿಗೆ ಬಿಡಿಸಿ ಹೇಳುವ ಹೊಣೆ ಇನ್ಯಾರ ಮೇಲೆ ಬೀಳಬೇಕು?

ಆ ಹೊಣೆಯನ್ನು ನಾನು ಎಷ್ಟು ನಿಷ್ಠೆಯಿಂದ ಹೊತ್ತೆನೆಂದರೆ ಮನೆಯಲ್ಲಿ ಬಿಸಿ ಊಟ ಕಂಡು ದಿನಗಳಾದವು. ಒಂಬತ್ತಾಗುತ್ತಿದ್ದಂತೆ ತಾವು ಸೈರನ್ ಊದುತ್ತೀರಿ. ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಲ್ಲುತ್ತದೆ. ಆಮೇಲೆ ಪರದೆಯ ಮೇಲೆ ಎಂಟು ಕಿಟಕಿಗಳು ತೆರೆದುಕೊಂಡು, ಎಂಟು ತಲೆಗಳು ಒಟ್ಟಿಗೇ ಕೂಗಾಡಲು ಶುರುಮಾಡುತ್ತವೆ.

"ಮುದ್ದೆ ತಣ್ಣಗಾಯ್ತು ಕಣ್ರೀ," ಎನ್ನುತ್ತಾಳೆ ಮಲ್ಲಿಕಾಂಬ.

"ಇರೇ, ಇನ್ನೇನು ರಾಜಧಾನಿ ಬೀಳುತ್ತೆ."

"ನಿನ್ನೇನೂ ಹಂಗೇ ಅಂದ್ರಿ. ರಾಜಧಾನಿ ಹಂಗೇ ಐತೆ, ಒಲೆ ಮೇಲಿದ್ದ ಹಾಲು ಉಕ್ಕಿಹೋಯ್ತು."

ಸ್ವಾಮಿ, ನನ್ನದೊಂದು ಅನುಮಾನವಿದೆ. ಚುನಾವಣೆ ಬಂತೆಂದರೆ ನನ್ನ ಆ ಮುದಿ ಕೋವಿಯನ್ನು ಚೀಲದಲ್ಲಿ ಸುತ್ತಿಕೊಂಡು ಹೋಗಿ ಠಾಣೆಗೆ ಒಪ್ಪಿಸಿ ರಶೀದಿ ತರಬೇಕು. ಊರಿನ ಶಾಂತಿ ಕೆಡಬಾರದಲ್ಲ. ಒಪ್ಪಿದೆ. ಆದರೆ ತಮ್ಮ ಪರದೆಯ ಮೇಲೆ ಬಾಲಕ್ಕೆ ಬೆಂಕಿ ಕಟ್ಟಿಕೊಂಡು ಹಾರುವ ಆ ಕ್ಷಿಪಣಿಗಳಿಗೆ ರಶೀದಿ ಕೊಡುವ ಠಾಣೆ ಯಾವುದು? ಹಂದಿಯನ್ನೂ ಹೆದರಿಸಲಾಗದ ಕೋವಿಗೆ ಇಷ್ಟು ಕಾಯಿದೆ ಇದ್ದರೆ, ಊರಿಗೂರನ್ನೇ ಬೂದಿ ಮಾಡುವ ವಸ್ತುವಿಗೆ ಒಬ್ಬ ದಫೇದಾರನಾದರೂ ಬೇಡವೇ? ಈ ಪ್ರಶ್ನೆಯನ್ನು ತಮ್ಮ ಎಂಟು ತಲೆಗಳಲ್ಲಿ ಒಂದೂ ಕೇಳಿದ್ದನ್ನು ನಾನು ಕಾಣೆ.

ಈಗ ಮುಖ್ಯ ವಿಷಯ. ಅಜ್ಜಂಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಕಲ್ಲೇಶಪ್ಪ ನನ್ನ ಅಕ್ಕ ಸುಲೋಚನಮ್ಮನ ಗಂಡ, ಅಂದರೆ ನನ್ನ ಭಾವ. ಅವನೂ ತಮ್ಮ ಭಕ್ತನೇ. ನಾನು ಒಂದು ದೇಶದ ಪರ ನಿಂತೆ ಎಂಬ ಒಂದೇ ಕಾರಣಕ್ಕೆ ಅವನು ಇನ್ನೊಂದು ದೇಶದ ಪರ ನಿಂತ. ತಮ್ಮ ಕಾರ್ಯಕ್ರಮ ಮುಗಿದದ್ದೇ ತಡ, ಅವನ ಫೋನು. "ಏನಪ್ಪಾ ಈರಪ್ಪ, ಇವತ್ತು ನಿಮ್ಮೋರು ಓಡಿಹೋದ್ರಂತಲ್ಲ." ನಾನು ಬಿಡುತ್ತೇನೆಯೇ? ನಮ್ಮಿಬ್ಬರಿಗೂ ಆ ದೇಶಗಳಲ್ಲಿ ಒಂದು ಗುಂಟೆ ನೆಲವಿಲ್ಲ. ಅವುಗಳ ರಾಜಧಾನಿಯ ಹೆಸರು ಹೇಳಲು ಇಬ್ಬರಿಗೂ ನಾಲಿಗೆ ಹೊರಳುವುದಿಲ್ಲ. ಆದರೂ ಒಂದು ಅಂಗುಲ ಬಿಟ್ಟುಕೊಟ್ಟವರಲ್ಲ.

ಅವನ ಮಗಳು ಪ್ರತಿಮಾಳ ವೀಳ್ಯಶಾಸ್ತ್ರದ ದಿನ ಅಜ್ಜಂಪುರದ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಿದ್ದೆವು. ನಾನು, ನನ್ನ ಬಲಕ್ಕೆ ಭಾವ, ಅವನ ಬಲಕ್ಕೆ ತರೀಕೆರೆಯಿಂದ ಬಂದಿದ್ದ ಬೀಗರು, ಅಂದರೆ ಗಂಡಿನ ತಂದೆ. ಮಡಿಕೆ ಮುರಿಯದ ಬಿಳಿ ಪಂಚೆ, ಶಲ್ಯ. ಎದುರಿಗೆ ಟಿ.ವಿ. ಹಾಕಿಯೇ ಇತ್ತು. ಅದನ್ನು ಆರಿಸಿ ಎಂದು ಅಕ್ಕ ಹೇಳಿದ್ದಳು. ಆರಿಸುವವರು ಯಾರು? ಅಷ್ಟರಲ್ಲಿ ತಾವು ಸೈರನ್ ಊದಿದಿರಿ. ಬೀಗರು ಪಾಪ, ಒಳ್ಳೆಯ ಮನಸ್ಸಿನಿಂದಲೇ "ಇದೆಲ್ಲ ಎಲ್ಲಿ ನಡೀತಾ ಇರೋದು?" ಎಂದು ಕೇಳಿಬಿಟ್ಟರು. ನಕ್ಷೆ ಬಲ್ಲವನ ಮುಂದೆ ಕೇಳಬಾರದ ಪ್ರಶ್ನೆ ಅದು.

"ನೋಡಿ ಬೀಗ್ರೆ," ಎಂದು ನನ್ನ ಎಲೆಯ ಮೇಲೆಯೇ ಬಿಡಿಸಿದೆ. "ಈ ಬೀನ್ಸ್ ಪಲ್ಯ ಇವ್ರ ರಾಜಧಾನಿ. ಪಾಯಸ ಸಮುದ್ರ. ಕೋಸಂಬರಿ ಗುಡ್ಡದ ಹಿಂದೆ ಅವ್ರು ಅಡಗಿ ಕೂತವ್ರೆ."

"ಉಪ್ಪಿನಕಾಯಿ ಯಾರ ಕಡೆ?" ಎಂದ ಭಾವ.

"ಅದಿನ್ನೂ ಯಾರ ಕಡೇನೂ ಸೇರಿಲ್ಲ."

ಬೀಗರು ನಕ್ಕರು. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಭಾವ ಸುಮ್ಮನಿರದೆ, "ನಿಮ್ಮೋರ ಕ್ಷಿಪಣಿ ಸಮುದ್ರ ದಾಟೋದ್ರೊಳಗೆ ನಮ್ಮೋರು ಮೇಲೇ ಹೊಡೆದು ಉದುರಿಸ್ತಾರೆ ಕಣೋ," ಎಂದ.

"ಉದುರ್ಸು ನೋಡಾನ," ಎಂದು ನಾನು ಒಂದು ವಡೆಯನ್ನು ಎತ್ತಿ ಸಮುದ್ರದ ಮೇಲೆ ಹಾರಿಸಿದೆ. ಬಹಳ ನಾಜೂಕಾಗಿ ಹಾರಿಸಿದ್ದೆ. ಅದು ಭಾವನ ಎಲೆಯ ಅನ್ನದ ಮೇಲೆ ಇಳಿಯಬೇಕಾಗಿತ್ತು. ಭಾವ ಕೈ ಬೀಸಿ ತಡೆದ. ತಡೆದ ವಡೆ ದಿಕ್ಕು ಬದಲಿಸಿ ಬೀಗರ ಎಲೆಯ ಸಾರಿಗೆ ಬಿತ್ತು. ಸಾರು ಪಂಚೆಗೆ ಹಾರಿತು. ಶಲ್ಯಕ್ಕೂ ಸ್ವಲ್ಪ.

ಬೀಗರು ದೊಡ್ಡವರು. "ಪರ್ವಾಗಿಲ್ಲ, ಒಗೆದ್ರೆ ಹೋಗುತ್ತೆ," ಎಂದರು. ನಮ್ಮಿಬ್ಬರಿಗೆ ಆ ದೊಡ್ಡತನ ಎಲ್ಲಿಂದ ಬರಬೇಕು? "ನೀನು ಎಸೆದೆ," ಎಂದ ಅವನು. "ನೀನು ತಡೆದೆ," ಎಂದೆ ನಾನು. ತಮ್ಮ ಕಾರ್ಯಕ್ರಮದಲ್ಲಾಗಿದ್ದರೆ ಇಂಥ ಹೊತ್ತಿಗೆ ಸರಿಯಾಗಿ ಸೋಪಿನ ಜಾಹೀರಾತು ಬರುತ್ತದೆ. ಎಂಟು ತಲೆಗಳು ನೀರು ಕುಡಿದು ತಣ್ಣಗಾಗುತ್ತವೆ. ನಮ್ಮ ಮನೆಗಳಲ್ಲಿ ಜಾಹೀರಾತಿಲ್ಲ ಸ್ವಾಮಿ. ಮಾತು ಬೆಳೆಯುತ್ತಲೇ ಹೋಯಿತು.

ಕೊನೆಗೆ ಭಾವ ಬೀಗರ ಎದುರಿಗೇ ಹೇಳಿಬಿಟ್ಟ: "ಮದ್ವೆ ದಿನ ಹೆಣ್ಣನ್ನ ಹಸೆಗೆ ಕರ್ಕೊಂಡು ಬರೋಕೆ ನೀನು ಬೇಡ. ನಿನ್ನ ಕೈ ಸುಮ್ನಿರಲ್ಲ. ನನ್ನ ತಮ್ಮ ಬೀರಪ್ಪ ಕರ್ಕೊಂಡು ಬರ್ತಾನೆ."

"ಹಂಗಾದ್ರೆ ಈ ಮನೆ ಮೆಟ್ಲು ನಾನು ಹತ್ತಲ್ಲ," ಎಂದು ಎಲೆ ಬಿಟ್ಟು ಎದ್ದೆ. ಹೋಳಿಗೆ ಇನ್ನೂ ಪಂಕ್ತಿಗೆ ಬಂದಿರಲಿಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಹೆಣ್ಣಿನ ಕೈ ಹಿಡಿದು ಕೋಣೆಯಿಂದ ಹಸೆಮಣೆಗೆ ಕರೆತರುವವನು ಸೋದರಮಾವ. ತಮ್ಮ ಕಡೆ ಹೇಗೋ, ನಮ್ಮ ಕಡೆ ಅದಕ್ಕೆ ಬದಲಿ ವ್ಯವಸ್ಥೆ ಇಲ್ಲ. ಬೀರಪ್ಪ ಒಳ್ಳೆಯವನೇ, ಆದರೆ ಅವನು ಚಿಕ್ಕಪ್ಪ. ಪ್ರತಿಮಾ ಹುಟ್ಟಿದ್ದು ನಮ್ಮ ಮನೆಯಲ್ಲಿ. ನಡೆಯಲು ಕಲಿತದ್ದು ನನ್ನ ಕಿರುಬೆರಳು ಹಿಡಿದು. ಅಮೃತಾಪುರದ ದೇವಸ್ಥಾನಕ್ಕೆ ಹೋದಾಗ ನನ್ನ ಹೆಗಲ ಮೇಲೆ ಕೂತು, ಗೋಡೆಯ ಬೊಂಬೆಗಳಿಗೆಲ್ಲ ನೆಂಟರ ಹೆಸರಿಟ್ಟವಳು ಅವಳು. ಹೊಟ್ಟೆ ಇರುವ ಒಂದಕ್ಕೆ ನನ್ನ ಹೆಸರೇ ಇಟ್ಟಿದ್ದಳು. ಅಂಥವಳು ಈಗ ಅಪ್ಪನ ಮುಂದೆ ನಿಂತು, "ಮಾವ ಬಂದು ಕೈ ಹಿಡಿದು ಏಳ್ಸೋವರ್ಗೂ ನಾನು ಕೋಣೆಯಿಂದ ಏಳಲ್ಲ. ಮುಹೂರ್ತ ಮೀರಿದ್ರೆ ಮೀರ್ಲಿ," ಎಂದಳಂತೆ. ಅಕ್ಕ ಫೋನಿನಲ್ಲಿ ಅಳುತ್ತಾ ಹೇಳಿದಳು. "ಇಬ್ರೂ ಕೋಣ ಕಣೋ ನೀವು. ನನ್ ಮಗಳ ಮದ್ವೆ ಹಾಳ್ಮಾಡ್ಬೇಡ್ರೋ," ಎಂದಳು. ಭಾವ ಮೊದಲು ಕರೆಯಲಿ ಎಂದು ನಾನು, ನಾನು ಮೊದಲು ಬರಲಿ ಎಂದು ಅವನು. ಮದುವೆ ಬರುವ ಭಾನುವಾರ.

ಈ ಬೇಸರದಲ್ಲಿ ಮೊನ್ನೆ ನಮ್ಮೂರಿನ ಬಸ್ ಸ್ಟಾಪಿನಲ್ಲಿರುವ ವಜೀರ್ ಸಾಬರ ಟೀ ಅಂಗಡಿಗೆ ಹೋದೆ. ಅಲ್ಲಿನ ಟಿ.ವಿ.ಗೆ ಬಟ್ಟೆ ಹೊದಿಸಿಟ್ಟಿತ್ತು. ಕೆಟ್ಟಿದೆಯೇ ಎಂದು ಕೇಳಿದೆ.

"ಕೆಟ್ಟಿಲ್ಲ ಈರಪ್ಪಣ್ಣ," ಎಂದರು ಸಾಬರು. "ನಮ್ಮ ಅಳಿಯ ಮುಬೀನ್ ಆ ಯುದ್ಧ ನಡೆಯೋ ಕಡೇನೇ ಕೆಲಸಕ್ಕವ್ನೆ. ದಿನಾ ಸಂಜೆ ಮಗಳು ಸುಮೇರಾ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳ್ತಾಳೆ. ಆಯ್ತು ಅಂತಾನೆ. ಏನ್ ಊಟ ಅಂದ್ರೆ ಅನ್ನ ಬೇಳೆ ಅಂತಾನೆ. ಆಮೇಲೆ ನಾವು ಉಣ್ತೀವಿ. ಈ ಟಿ.ವಿ. ಹಾಕಿದ್ರೆ ನಮ್ಮನೆಯೋಳು ಸೈದಾನಿ ಬಿ ಗಂಟಲಲ್ಲಿ ತುತ್ತು ಇಳಿಯಲ್ಲ."

ನಾನು ಎಲೆಯ ಮೇಲೆ ಕಟ್ಟಿದ್ದ ಊರುಗಳಲ್ಲಿ ಮುಬೀನ್ ಇರುವುದು ಎಲ್ಲಿ ಎಂದು ಲೆಕ್ಕ ಹಾಕಿದೆ. ಕೋಸಂಬರಿಗೆ ಹತ್ತಿರದಲ್ಲೇ. ವಡೆ ಹಾರಿಹೋದದ್ದು ಅವನ ತಲೆಯ ಮೇಲೆಯೇ.

ಸಂಪಾದಕರೇ, ತಾವು ಇಷ್ಟು ದಿನ ಯುದ್ಧ ತೋರಿಸಿದಿರಿ. ಯಾವ ಕ್ಷಿಪಣಿಯ ತೂಕ ಎಷ್ಟು, ಯಾವುದು ಎಷ್ಟು ದೂರ ಹೋಗುತ್ತದೆ ಎಂದು ನನಗೆ ಬಾಯಿಪಾಠ ಮಾಡಿಸಿದಿರಿ. ಅದು ಬಿದ್ದ ಬೀದಿಯಲ್ಲಿ ಆ ರಾತ್ರಿ ಯಾರ ಮನೆಯಲ್ಲಿ ಒಲೆ ಹೊತ್ತಿತು, ಯಾರ ಮನೆಯಲ್ಲಿ ಹೊತ್ತಲಿಲ್ಲ ಎಂದು ಒಂದು ದಿನವಾದರೂ ಹೇಳಿದಿರಾ? ವಜೀರ್ ಸಾಬರ ಮನೆಗೆ ಬೇಕಾದ ಸುದ್ದಿ ಅದೊಂದೇ. ಅದನ್ನು ಅವರು ತಮ್ಮನ್ನು ಬಿಟ್ಟು ಫೋನಿನಲ್ಲಿ ಕೇಳಿಕೊಳ್ಳುತ್ತಿದ್ದಾರೆ.

ಹೋಗಲಿ, ನನ್ನ ಬೇಡಿಕೆಗೆ ಬರುತ್ತೇನೆ. ಭಾವ ನನ್ನ ಮಾತು ನಂಬುವುದಿಲ್ಲ, ಅಕ್ಕನ ಮಾತು ಕೇಳುವುದಿಲ್ಲ. ತಾವು ಹೇಳಿದ್ದನ್ನು ಮಾತ್ರ ಶಾಸನ ಎಂದುಕೊಂಡಿದ್ದಾನೆ. ಆದ್ದರಿಂದ ಶುಕ್ರವಾರ ರಾತ್ರಿ ಒಂಬತ್ತಕ್ಕೆ, ಪರದೆಯ ಕೆಳಗೆ ಓಡುವ ಆ ಕೆಂಪು ಪಟ್ಟಿಯಲ್ಲಿ ಒಂದು ಸಾಲು ಹಾಕಬೇಕು: "ಪಂಚನಹಳ್ಳಿ, ಅಜ್ಜಂಪುರ ನಡುವೆ ಕದನ ವಿರಾಮ, ಎರಡೂ ಕಡೆಯವರು ಒಂದೇ ಸಮಯಕ್ಕೆ ಒಪ್ಪಿಗೆ." ಒಂದೇ ಸಮಯಕ್ಕೆ ಎಂಬುದನ್ನು ದಯವಿಟ್ಟು ಬಿಡಬೇಡಿ. ಪಂಚನಹಳ್ಳಿಯವರು ಮೊದಲು ಬೇಡಿಕೊಂಡರು ಎಂದು ತಪ್ಪಿಯೂ ಹಾಕಬಾರದು. ಮತ್ತೆ ಭಾನುವಾರ ಮುಹೂರ್ತದ ಹೊತ್ತಿಗೆ ತಮ್ಮ ಸೈರನ್ನಿಗೆ ರಜೆ ಕೊಡಿ. ಕಲ್ಯಾಣ ಮಂಟಪದಲ್ಲೂ ಟಿ.ವಿ. ಇದೆಯಂತೆ, ನಮಗೆ ವಾಲಗ ಕೇಳಿಸಬೇಕು.

ತಮಗೆ ಇಷ್ಟು ಸಣ್ಣ ಕದನ ವಿರಾಮದಲ್ಲಿ ಆಸಕ್ತಿ ಇಲ್ಲದಿದ್ದರೆ, ಶನಿವಾರ ಬೆಳಗಿನ ಬಸ್ಸಿಗೆ ನಾನೇ ಅಜ್ಜಂಪುರಕ್ಕೆ ಹೊರಡಬೇಕಾಗುತ್ತದೆ. ಚೀಲದಲ್ಲಿ ಬೀಗರಿಗೆಂದು ಒಂದು ಹೊಸ ಪಂಚೆ, ಶಲ್ಯ ಇವೆ. ಅವನ್ನು ತಂದವಳು ಮಲ್ಲಿಕಾಂಬ, ನಾನಲ್ಲ. ಬೇಕಾದರೆ ಇದನ್ನೂ ಪಟ್ಟಿಯಲ್ಲಿ ಹಾಕಿ. ಬಾಗಿಲಲ್ಲಿ ಭಾವ ಕ್ಷಮೆ ಕೇಳುವುದು ಬೇಕಿಲ್ಲ, ನಾನೂ ಕೇಳುವವನಲ್ಲ. "ಊಟ ಆಯ್ತಾ?" ಎಂದು ಒಂದು ಮಾತು ಕೇಳಿದರೆ ಸಾಕು. ಇಲ್ಲ ಎನ್ನುತ್ತೇನೆ. ಅದು ನಿಜವೂ ಹೌದು. ಆ ಮನೆಯಲ್ಲಿ ನನ್ನ ಹೋಳಿಗೆ ಇನ್ನೂ ಬಾಕಿ ಇದೆ.

ಇಂತಿ, ಕೋವಿಯನ್ನು ಠಾಣೆಗೂ ಬಾಯಿಯನ್ನು ಹೆಂಡತಿಗೂ ಒಪ್ಪಿಸಿರುವ,
ಪಂಚನಹಳ್ಳಿಯ ಈರಪ್ಪ
(ಭಾನುವಾರದವರೆಗೆ ಸೋದರಮಾವ, ಆಮೇಲಿನದು ಭಾವನ ಕೈಯಲ್ಲಿದೆ)