ಪಟ್ಟಿಯಿಂದ ಹೊಡೆದುಹಾಕಿದ ಐದು ಹೆಸರುಗಳು

ಮಾನ್ಯ ಶಿಕ್ಷಣಾಧಿಕಾರಿಗಳೇ,

ಭೂಗೋಳ ಅಧ್ಯಯನಕ್ಕೆಂದು ನೇಪಾಳಕ್ಕೆ ಹೊರಡಬೇಕಿದ್ದ ಹನ್ನೆರಡು ವಿದ್ಯಾರ್ಥಿಗಳ ಪಟ್ಟಿಯಿಂದ, ಇನ್ನು ಆರೇ ದಿನ ಇರುವಾಗ, ತಾವು ಐವರು ಹುಡುಗಿಯರ ಹೆಸರು ಹೊಡೆದುಹಾಕಿದಿರಿ. 'ಜೊತೆಯಲ್ಲಿ ತೆರಳಲು ಶಿಕ್ಷಕಿಯರು ಲಭ್ಯವಿಲ್ಲದ್ದರಿಂದ, ಹೆಣ್ಣುಮಕ್ಕಳ ಸುರಕ್ಷತೆಯ ದೃಷ್ಟಿಯಿಂದ' ಎಂಬುದು ತಮ್ಮ ಆದೇಶ ಕೊಟ್ಟ ಕಾರಣ. ಲಭ್ಯವಿಲ್ಲದ ಆ ಶಿಕ್ಷಕಿಯೇ ಈ ಪತ್ರ ಬರೆಯುತ್ತಿದ್ದೇನೆ.

ಕಂಪ್ಲಿ ಸಮೀಪದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಆರು ವರ್ಷಗಳಿಂದ ಅತಿಥಿ ಶಿಕ್ಷಕಿ. ಮಕ್ಕಳ ಜೊತೆ ಹೋಗಲು ಸಿದ್ಧಳೆಂದು ಬರೆದುಕೊಟ್ಟಿದ್ದೆ. ತಮ್ಮ ಕಚೇರಿಯ ಮುದ್ರೆ ಬಿದ್ದ ಪ್ರತಿ ನನ್ನಲ್ಲಿದೆ. ಆದರೆ ಅತಿಥಿಗಳನ್ನು ಪ್ರವಾಸಕ್ಕೆ ನಿಯೋಜಿಸಲು ನಿಯಮ ಒಪ್ಪುವುದಿಲ್ಲವಂತೆ. ಹತ್ತನೇ ತರಗತಿಯ ಫಲಿತಾಂಶ ಕುಸಿದಾಗ ನೋಟಿಸ್ ಕೊಡಲು ಮಾತ್ರ ಅದೇ ನಿಯಮ ನನ್ನನ್ನು ಶಿಕ್ಷಕಿ ಎಂದು ಒಪ್ಪುತ್ತದೆ.

ಆಯ್ಕೆ ಪರೀಕ್ಷೆಯಲ್ಲಿ ಮೊದಲು ಬಂದವಳು ನಮ್ಮ ಒಂಬತ್ತನೇ ತರಗತಿಯ ಅನುಸೂಯಾ. ಹಂಪಿಯ ಬಂಡೆಗಳು ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ಏಕಿವೆ ಎಂಬ ಪ್ರಶ್ನೆಗೆ ನಾಲ್ಕು ಪುಟ ಬರೆದಿದ್ದಳು. ಹಿಮಾಲಯದ ಕಣಿವೆಯಲ್ಲಿ ಕಡಲಜೀವಿಗಳ ಪಳೆಯುಳಿಕೆ ಸಿಗುತ್ತದೆಂದು ಪಾಠ ಮಾಡಿದ ದಿನ ಸ್ಟಾಫ್ ರೂಮಿನವರೆಗೂ ಬೆನ್ನುಹತ್ತಿ ಬಂದು, "ಟೀಚರ್, ಸಮುದ್ರದ ತಳ ಅಷ್ಟ್ ಎತ್ತರಕ್ಕ ಹೆಂಗ್ ಹೋತ್ರಿ? ನಾ ಅದನ್ನ ಕೈಯಾಗ ಹಿಡಿದು ನೋಡ್ಬೇಕು" ಅಂದಿದ್ದಳು.

ಅವಳ ತಾಯಿ ದುರ್ಗಕ್ಕ ಭತ್ತದ ನಾಟಿಗೆ ಹೋಗುವವರು, ಗಂಡನಿಲ್ಲ. ಮಗಳನ್ನು ಕಳಿಸಲು ಸುತರಾಂ ಒಪ್ಪಲಿಲ್ಲ. ಎರಡು ಸಲ ಹೋಗಿ ಬರಿಗೈಲಿ ಬಂದೆ. ಮೂರನೆಯ ಸಲ ಅವರೇ ಕೇಳಿದರು:

"ಹೆಣ್ಣುಮಕ್ಕಳಿಗೆ ಮಲಗಾಕ ಬ್ಯಾರೆ ಕ್ವಾಣಿ ಇರ್ತೈತೇನ್ರಿ?"

"ಇರ್ತೈತಿ ದುರ್ಗಕ್ಕ. ನಾನೂ ಅವರ ಜೊತಿಗೇ ಮಲಗ್ತೀನಿ."

"ಹಂಗಾದ್ರ ನಿಮ್ಮ ಮಾತಿನ ಮ್ಯಾಲೆ ಕಳಿಸ್ತೀನಿ ನೋಡ್ರಿ."

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಮರುವಾರ ಹೊಸಪೇಟೆಗೆ ಹೋಗಿ ಮಗಳಿಗೆ ಸ್ವೆಟರ್ ತಂದರು. ಕಂಪ್ಲಿಯ ಬಿಸಿಲಿನಲ್ಲಿ ಅವಳು ಅದನ್ನು ಹಾಕಿಕೊಂಡು ಬೆವರುತ್ತಾ ನನಗೆ ತೋರಿಸಲು ಬಂದಿದ್ದಳು.

ಆದೇಶ ಬಂದ ದಿನವೇ ತಮ್ಮ ಕಚೇರಿಗೆ ಬಂದೆ. ಎರಡು ತಾಸು ನಿಲ್ಲಿಸಿದ ಮೇಲೆ ತಾವು ಹೇಳಿದ್ದು ಇಷ್ಟು: "ಹುಡುಗೀರ್ನ ಹಂಪಿಗೆ ಕರ್ಕೊಂಡು ಹೋಗ್ರಿ. ಅಲ್ಲೂ ಕಲ್ಲು ಅದಾವಲ್ಲ?"

ಅದಾವೆ ಸ್ವಾಮಿ. ಆ ಕಲ್ಲುಗಳನ್ನು ಓದಲು ಹೊರದೇಶಗಳಿಂದ ಹುಡುಗಿಯರು ಬೆನ್ನಿಗೆ ಚೀಲ ಹಾಕಿಕೊಂಡು ಬರುತ್ತಾರೆ. ಅವರ ಊರಿನ ಕಚೇರಿಗಳಿಗೆ ಹೆಣ್ಣುಮಕ್ಕಳ ಸುರಕ್ಷತೆಯ ಚಿಂತೆ ಇಲ್ಲವೇನೋ! ಒಬ್ಬ ಶಿಕ್ಷಕಿಯನ್ನು ಹುಡುಕುವುದಕ್ಕಿಂತ ಐವರು ಮಕ್ಕಳನ್ನು ಬಿಡುವುದು ಸುಲಭವೆಂದು ತಮಗೆ ತೋರಿದ್ದಾದರೂ ಹೇಗೆ? ಖಾಲಿಯಾದ ಐದು ಸೀಟುಗಳಲ್ಲಿ ಎರಡಕ್ಕೆ ತಮ್ಮ ಕಚೇರಿಯ 'ವೀಕ್ಷಕರು' ಎಷ್ಟು ಬೇಗ ಲಭ್ಯರಾದರು!

ಸುದ್ದಿ ಹೇಳಲು ನಾನೇ ಹೋಗಬೇಕಾಯಿತು. ಅನುಸೂಯಾ ಅಳಲಿಲ್ಲ. ಒಳಗೆ ಹೋದವಳು ನಾನಿರುವಷ್ಟು ಹೊತ್ತೂ ಹೊರಗೆ ಬರಲಿಲ್ಲ. ದುರ್ಗಕ್ಕ ಆದೇಶವನ್ನು ಎರಡು ಸಲ ಓದಿಸಿ ಕೇಳಿದರು. ನನ್ನನ್ನು ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ.

"ನಾನು ಏನೂ ತಿಳಿಯದಾಕಿ, ಸುಮ್ನ ಅಂಜ್ತೀನಿ ಅನ್ಕೊಂಡಿದ್ದೆ. ಓದಿದ ಸಾಹೇಬ್ರೂ ಹೆಣ್ಣುಮಕ್ಕಳನ್ನ ದೂರ ಕಳಿಸ್ಬಾರ್ದು ಅಂತ ಬರ್ದಾರಲ್ರೀ. ಹತ್ತನೇ ಕ್ಲಾಸ್ ಆದ್ರ ಸಾಕು, ಮುಂದ ಹೊಸಪೇಟಿ ಕಾಲೇಜು ಗೀಲೇಜು ಬ್ಯಾಡ."

ಏಳು ಹುಡುಗರು ಹೋಗಿ ಬಂದರು. ಅವರ ಬಗ್ಗೆ ನನಗೆ ಯಾವ ಹೊಟ್ಟೆಕಿಚ್ಚೂ ಇಲ್ಲ. ಆ ಬಳಿಕ ನಾಲ್ಕು ಸಲ ದುರ್ಗಕ್ಕನ ಮನೆಗೆ ಹೋಗಿದ್ದೇನೆ. ಚಹಾ ಕೊಡುತ್ತಾರೆ, ಕಾಲೇಜಿನ ಮಾತೆತ್ತಿದರೆ ಎದ್ದು ಹೋಗುತ್ತಾರೆ. ಅನುಸೂಯಾ ಈಗ ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಾಳೆ.

ಮುಂದಿನ ಪಟ್ಟಿ ಮಾಡುವ ಮುನ್ನ ಆ ನಿಯಮ ಬದಲಾಗಲಿ. ಅದಕ್ಕೂ ಮೊದಲು ತಾವು ಒಮ್ಮೆ ನಮ್ಮೂರಿಗೆ ಬನ್ನಿ. ದುರ್ಗಕ್ಕನ ಎದುರು ಕುಳಿತು, "ನಾನು ಬರೆದದ್ದು ತಪ್ಪು, ಮಗಳನ್ನು ಓದಿಸಿ" ಎಂದು ತಮ್ಮ ಬಾಯಿಂದಲೇ ಹೇಳಿ. ನನ್ನ ಮಾತಿಗೆ ಆ ಮನೆಯಲ್ಲಿ ಈಗ ಬೆಲೆ ಉಳಿದಿಲ್ಲ.

ಇಂತಿ,
ಕೊಟ್ಟ ಮಾತು ಉಳಿಸಿಕೊಳ್ಳಲಾಗದ
ಸುಧಾರಾಣಿ,
ಅತಿಥಿ ಶಿಕ್ಷಕಿ (ಮಾರ್ಚ್ ಕೊನೆಯವರೆಗೆ)