ಪೆನ್ಸಿಲ್ ಕಣ್ಣು

ಜನವರಿ 16, 1995, ಸೋಮವಾರ. ಮಾಂಟುವಾ, ಇಟಲಿ

ಇವತ್ತೂ ಮಂಜು. ಹಾಸ್ಟೆಲ್‌ನಿಂದ ಸಂಗೀತ ಕಾಲೇಜಿಗೆ ಏಳು ನಿಮಿಷ. ಕೆರೆ ಕಾಣದು, ಸೇತುವೆ ಕಾಣದು, ಗೋಡೆ ಸವರಿಕೊಂಡೇ ಹೋದೆ. ಅರ್ಧ ತಿಂಡಿ ಬಿಟ್ಟಿದ್ದನ್ನು ಹಾಸ್ಟೆಲ್ ನಡೆಸುವ ಸಿಸ್ಟರ್ ನೋಡಿದರು.

ಕಾರ್ನಿವಲ್ ಹಬ್ಬದ ಆಪೆರಾಗೆ ಯಾರ್ಯಾರು ಅಂತ ಪಟ್ಟಿ ಹಾಕಿದ್ದಾರೆ. ಈ ಸಲ ಆರ್ಫಿಯಸ್. ಹಾವು ಕಚ್ಚಿ ಸತ್ತ ಹೆಂಡತಿಗಾಗಿ ಪಾತಾಳಕ್ಕೆ ಇಳಿದು, ಹಾಡಿ, ಬಿಡಿಸಿಕೊಂಡು ಬರುವವನು. ಬೆಳಕಿಗೆ ಬರುವ ತನಕ ಹಿಂತಿರುಗಿ ನೋಡಬಾರದು ಅಂತ ಷರತ್ತು. ನೋಡಿಬಿಡುತ್ತಾನೆ, ಅವಳು ಹೋಗಿಬಿಡುತ್ತಾಳೆ. ಇಲ್ಲಿಯವರಿಗೆ ಅವನು ಪಕ್ಕದ ಬೀದಿಯವನ ಹಾಗೆ. ಬ್ರೆಡ್ ಮಾರುವವಳು ಕೂಡ ‘ಪಾಪ, ಈ ಸಲವಾದರೂ ತಿರುಗದೇ ಇರ್ತಾನಾ ನೋಡೋಣ’ ಅಂದಳು.

ಕೋರಸ್‌ನಲ್ಲಿ ನನ್ನ ಹೆಸರಿಲ್ಲ. ಎಲ್ಲರಿಗಿಂತ ಕೆಳಗೆ: ಪ್ರಾಂಪ್ಟರ್ — ಒರ್ಸೊಲಾ ಪೆಲ್.

ಹಾಡು ಕಲಿಸುವ ಕ್ಲೆಲಿಯಾ ಮೇಡಂ ಕರೆದು ಹೇಳಿದರು: “ನಿನ್ನ ಕಂಠ ಇನ್ನೂ ಬಾಗಿಲ ಹಿಂದೆ ಅವಿತುಕೊಂಡಿದೆ. ನೆನಪು ಮಾತ್ರ ಪೊಲೀಸ್ ನಾಯಿ ಥರ. ಗೂಡಿನಲ್ಲಿ ಕೂತ್ಕೋ.”

ವೇದಿಕೆಯ ಅಂಚಿನಲ್ಲಿ, ನೆಲದೊಳಗೆ, ಸೊಂಟದ ತನಕ ಇಳಿಯುವ ಗೂಡು. ಪ್ರೇಕ್ಷಕರಿಗೆ ಬೆನ್ನು. ಪ್ರತಿ ಸಾಲಿನ ಮೊದಲ ಪದವನ್ನು ಹಾಡುವವರಿಗಿಂತ ಅರೆಕ್ಷಣ ಮೊದಲು ಹೇಳಬೇಕು. ನನಗಿದೆಲ್ಲ ಗೊತ್ತು. ಮದುವೆಗೆ ಮುಂಚೆ ಅಮ್ಮ ಅದೇ ಗೂಡಿನಲ್ಲಿ ಆರು ವರ್ಷ ಕೂತಿದ್ದಳು. ಅದಕ್ಕೇ ಈ ಊರಿಗೆ ಬಂದಿದ್ದು — ಅಪ್ಪನಿಗೆ ಹಾಗೆ ಹೇಳಿಲ್ಲ. ಒಂದು ವರ್ಷ, ಅಂದಿದ್ದಾರೆ ಅಪ್ಪ. ಎರಡನೇ ವರ್ಷಕ್ಕೆ ಕಾಲೇಜಿನವರು ತಗೊಳ್ಳದಿದ್ದರೆ ಬರ್ಮಿಂಗ್‌ಹ್ಯಾಮ್, ಕಾಮರ್ಸ್.

ಜನವರಿ 19, ಗುರುವಾರ

ಮಾನ ಹೋಯಿತು. ಥಿಯೇಟರ್‌ಗೆ ನನ್ನ ಸ್ಕೂಲ್ ಸ್ಕಾರ್ಫ್ ಸುತ್ತಿಕೊಂಡು ಹೋದೆ. ನೇರಳೆ ಬಣ್ಣ, ಇಲ್ಲಿನ ನಾಟಕದವರಿಗೆ ಅಪಶಕುನವಂತೆ. ಆರ್ಫಿಯಸ್ ಹಾಡುವ ಸಾವೇರಿಯೊ — ಮೂರನೇ ವರ್ಷದವನು, ಭುಜ ಬಾಗಿಲಷ್ಟು ಅಗಲ — ಎರಡು ಹೆಜ್ಜೆ ಹಿಂದೆ ಹಾರಿದ.

“ಅಯ್ಯೋ ಮಹಾತಾಯಿ! ನೇರಳೆ! ಥಿಯೇಟರ್ ಒಳಗೆ! ನಮ್ಮನ್ನೆಲ್ಲ ಸಾಯಿಸೋಕೆ ಬಂದಿದೀಯಾ?”

“ಇದು... ನಮ್ಮ ಸ್ಕೂಲಿನ ಬಣ್ಣ.”

“ಏನು ಸ್ಕೂಲೋ ಅದು, ಸ್ಮಶಾನಾನೋ!”

ಎಲ್ಲರೂ ನಕ್ಕರು. ಮುದುಕರೊಬ್ಬರು ಬಂದು ಎರಡೇ ಬೆರಳಲ್ಲಿ ಸ್ಕಾರ್ಫ್ ಎತ್ತಿ, ಸತ್ತ ಇಲಿಯನ್ನು ಒಯ್ಯುವ ಹಾಗೆ ಒಯ್ದು, ಹೊರಗೆ ತಮ್ಮ ಸೈಕಲ್ ಹ್ಯಾಂಡಲ್‌ಗೆ ಕಟ್ಟಿ ಬಂದರು. ಅರ್ತೇಮಿಯೊ. ಈ ಥಿಯೇಟರ್‌ನ ಹಳೇ ಪ್ರಾಂಪ್ಟರ್, ರಿಟೈರ್ ಆಗಿ ಹತ್ತು ವರ್ಷ. ನನಗೆ ಕೆಲಸ ಕಲಿಸುವವರು ಇವರೇ.

“ಡೆಲ್ಫೀನಾ ಮಗಳಲ್ವಾ ನೀನು?”

“ಹೇಗೆ ಗೊತ್ತಾಯ್ತು?”

“ಅದೇ ಮೂಗು. ಅವಳೂ ಮೊದಲನೇ ದಿನ ಏನೋ ಎಡವಟ್ಟು ಮಾಡಿದ್ಲು. ನಡಿ, ಗೂಡಿಗೆ ಇಳಿ. ತಲೆ ಜೋಪಾನ.”

ಗೂಡಿನ ಒಳಗೆ ಧೂಳು, ಹಳೇ ಮರದ ವಾಸನೆ. ಕೂತೆ. ಅಮ್ಮನ ಮಂಡಿ ತಾಗಿದ ಹಲಗೆ ಇದೇ ಇರಬೇಕು. ಸುಮ್ಮನೆ ಸವರಿದೆ.

ಜನವರಿ 28, ಶನಿವಾರ. ಮಧ್ಯಾಹ್ನ 3

ಪೆನ್ನು ಹುಡುಕುತ್ತ ಅಮ್ಮನ ಹಳೇ ಕೇಕ್ ಟಿನ್ ತೆರೆದೆ. ಪೆನ್ನು ಸಿಕ್ಕಿತು, ಕೆಲಸ ನಿಂತಿತು.

ಎಂಟನೇ ವಯಸ್ಸಿಗೆ ಬೋರ್ಡಿಂಗ್ ಸ್ಕೂಲ್. ಅಪ್ಪನದು ಸೇತುವೆ ಕಟ್ಟಿಸುವ ಕೆಲಸ, ವರ್ಷಕ್ಕೊಂದು ಊರು. ಪ್ರತಿ ಟರ್ಮ್ ಶುರುವಿಗೂ ಕಾರಿನಲ್ಲಿ ಮೂರು ಗಂಟೆ. ಅಪ್ಪ ಡ್ರೈವಿಂಗ್. ಹಿಂದಿನ ಸೀಟಿನಲ್ಲಿ ಅಮ್ಮ, ನಾನು, ಮಡಿಲಲ್ಲಿ ಈ ಟಿನ್. ಒಳಗೆ ಅವಳೇ ಮಾಡಿದ ಬಾದಾಮಿ ಸ್ಬ್ರಿಸೊಲೋನಾ, ಕಲ್ಲಿನಂಥ ಕೇಕು. ಚಾಕು ಮುಟ್ಟಿಸುವ ಹಾಗಿಲ್ಲ, ಗುದ್ದಿಯೇ ಮುರಿಯಬೇಕು. ಹಾಸ್ಟೆಲ್‌ನಲ್ಲಿ ನಾನು ಗುದ್ದಿದಾಗಲೆಲ್ಲ ವಾರ್ಡನ್‌ಗೆ ಸಿಟ್ಟು.

ದಾರಿಯುದ್ದಕ್ಕೂ ಕಥೆ. ಯಾವಾಗಲೂ ಆರ್ಫಿಯಸ್. ಟರ್ಮಿಗೊಂದು ಕೊನೆ! ಒಂದರಲ್ಲಿ ಪ್ರೇಮದ ದೇವತೆಗೆ ಅಯ್ಯೋ ಅನ್ನಿಸಿ ಅವನ ಹೆಂಡತಿ ಯೂರಿಡಿಸ್‌ಳನ್ನು ಮತ್ತೆ ಬದುಕಿಸುತ್ತಾಳೆ. ಒಂದರಲ್ಲಿ ಗಂಡಹೆಂಡಿರಿಗೆ ಒಬ್ಬರನ್ನು ಕಂಡರೆ ಒಬ್ಬರಿಗಾಗದು, ಜನ ಏನಂದಾರು ಅಂತ ಅವನು ಪಾತಾಳಕ್ಕೆ ಹೋಗುತ್ತಾನೆ — ಅಪ್ಪ ಸ್ಟೀರಿಂಗ್ ಬಡಿದು ನಕ್ಕಿದ್ದರು. ಇನ್ನೊಂದರಲ್ಲಿ ಅವಳಿಗೇ ಕೋಪ: ಹಾಯಾಗಿ ಮಲಗಿದ್ದೆ, ಬಾ ಅಂದವರ್ಯಾರು ನಿನ್ನ?

ಆಮೇಲೆ ಸ್ಕೂಲ್ ಗೇಟು. ಟಿನ್ ನನ್ನ ಕೈಗೆ. “ಬಾಗಿಲು ದಾಟೋ ತನಕ ತಿರುಗಬೇಡ ಚಿನ್ನಾ. ಬೇಕೇ ಬೇಕು ಅನ್ನಿಸಿದ್ರೆ ಮಾತ್ರ.”

ಎಂಟು ವರ್ಷದವಳಿಗೆ ಕೇಳಿಸಿದ್ದು ಮೊದಲನೇ ಅರ್ಧ. ತಿರುಗಿದರೆ ಅಮ್ಮ ಮಾಯ. ಒಂದು ಸಲವೂ ತಿರುಗಲಿಲ್ಲ. ನಾಲ್ಕು ವರ್ಷ, ಹನ್ನೆರಡು ಟರ್ಮ್. ಕೊನೆಯ ಸಲ ಜ್ವರ ಬರುವ ಹಾಗಿತ್ತು, ತಿರುಗಿ ಓಡಿಹೋಗಬೇಕು ಅನ್ನಿಸಿತ್ತು. ತಿರುಗಲಿಲ್ಲ. ಮೂರು ವಾರಕ್ಕೆ ಫೋನ್ ಬಂತು. ಅಮ್ಮನಿಗೆ ತಲೆಯೊಳಗೆ ರಕ್ತನಾಳ ಒಡೆದು, ಅಡುಗೆಮನೆಯಲ್ಲಿ...

ಆರ್ಫಿಯಸ್ ನಿಯಮ ಮುರಿದ, ಕಳೆದುಕೊಂಡ. ನಾನು ಪಾಲಿಸಿದೆ. ಆದರೂ ಹೋದಳು. ಯಾರ ಆಪೆರಾದಲ್ಲೂ ಈ ಕೊನೆ ಇಲ್ಲ.

ಟಿನ್ನಿನ ಮುಚ್ಚಳದ ಒಳಗೆ ಅಂಟಿಸಿದ ಕಾಗದ ಹಾಗೇ ಇದೆ. ಅದರ ಮೇಲೆ ಅಮ್ಮ ಪೆನ್ಸಿಲ್‌ನಲ್ಲಿ ಬರೆದ ಪುಟ್ಟ ಕಣ್ಣು. ದೃಷ್ಟಿ ತಾಗದಿರಲಿ ಅಂತಲೋ ಏನೋ.

ಫೆಬ್ರವರಿ 9, ಗುರುವಾರ

ಗೂಡು ಒಗ್ಗುತ್ತಿದೆ. ಕಣ್ಣಿನ ಮಟ್ಟಕ್ಕೆ ಬರೀ ಬೂಟುಗಳು. ಸಾವೇರಿಯೊನ ಎಡಗಾಲು ತಾಳ ತಪ್ಪುವ ಮುಂಚೆ ಅದುರುತ್ತದೆ. ಹೇಳಿದೆ. “ಏ ಇಂಗ್ಲಿಷ್, ನೀನು ಪ್ರಾಂಪ್ಟರ್ರೋ ಚಪ್ಪಲಿ ಹೊಲಿಯೋಳೋ?” ಅಂದ. ಆದರೆ ಕಾಲು ಸರಿಮಾಡಿಕೊಂಡ.

ಬ್ರೇಕಿನಲ್ಲಿ ಜಗಳ. ಸುಮಾರು ನಾನ್ನೂರು ವರ್ಷದ ಹಿಂದೆ, ಈ ಆಪೆರಾ ಮೊದಲ ಸಲ ಆಡಿದಾಗ, ಪ್ರೇಕ್ಷಕರಿಗೆ ಅಂತ ಅಚ್ಚಾದ ಹಾಡಿನ ಪುಸ್ತಕದಲ್ಲಿ ಕುಡಿದ ಹೆಂಗಸರ ದಂಡು ಕೊನೆಗೆ ಆರ್ಫಿಯಸ್ ಮೇಲೆ ಏರಿ ಬರುತ್ತದೆ. ಸಂಗೀತದ ಪ್ರತಿಯಲ್ಲಿ ಅವನಪ್ಪ ಸೂರ್ಯದೇವ ಇಳಿದು ಬಂದು ಆಕಾಶಕ್ಕೆ ಕರೆದೊಯ್ಯುತ್ತಾನೆ. ಸಾವೇರಿಯೊನಿಗೆ ಹೆಂಗಸರು ಬೇಕು.

“ನಾಕು ಜನ ಹುಡುಗೀರು ಅಟ್ಟಿಸ್ಕೊಂಡು ಬರ್ಲಿ ಅಂತ ತಾನೇ ನಿನಗೆ ಆಸೆ?” ಅಂದರು ಅರ್ತೇಮಿಯೊ. “ಅದಕ್ಕೂ ಮುಂಚೆ ಇನ್ನೊಂದು ಊರಲ್ಲಿ ದೊರೆಮನೆ ಮದುವೆಗೆ ಇದೇ ಕಥೆ ಆಡಿದ್ರು. ಹೆಂಡ್ತಿ ಬದುಕಿ ಮನೆಗೆ ಬರ್ತಾಳೆ. ಮದುವೆ ಊಟದ ಮಧ್ಯೆ ಹೆಣ ಇಡೋಕಾಗುತ್ತಾ? ಕೊನೆ ಅನ್ನೋದು ಕೂತು ನೋಡೋರಿಗೆ ತಕ್ಕ ಹಾಗೆ ಕಣೋ.”

ಕಾರಿನ ಹಿಂದಿನ ಸೀಟು ನೆನಪಾಯಿತು. ಆ ಕೊನೆಗಳೆಲ್ಲ ನನಗೆ ತಕ್ಕ ಹಾಗೆ ಇದ್ದವೇ?

ಫೆಬ್ರವರಿ 21, ಮಂಗಳವಾರ. ಸಂಜೆ 6

ಫುಲ್ ಡ್ರೆಸ್ ರಿಹರ್ಸಲ್. ಎಲ್ಲ ಮುಗಿಯಿತು.

ಪಾತಾಳದಿಂದ ಹತ್ತುವ ದೃಶ್ಯ. ತಿರುಗುವ ಮುಂಚೆ ಸಾವೇರಿಯೊ ನಿಲ್ಲುತ್ತಾನೆ. ಮೌನ. ವಾದ್ಯಗಳೂ ನಿಲ್ಲುತ್ತವೆ. ಆ ಮೌನ ನನಗೆ ತಡೆಯಲಾಗುವುದಿಲ್ಲ... ಮರೆತ ಅನ್ನಿಸುತ್ತದೆ. ಪದ ಕೊಟ್ಟುಬಿಟ್ಟೆ. ಖಾಲಿ ಥಿಯೇಟರ್, ಹಳೇ ಮರ — ಐದನೇ ಮಹಡಿಯ ಬೆಂಚಿನವರೆಗೂ ನನ್ನ ಪಿಸುಮಾತು ಹೋಯಿತು. ಈ ವಾರದಲ್ಲಿ ಮೂರನೇ ಸಲ.

ಸಾವೇರಿಯೊ ಕಿರೀಟ ಕಿತ್ತು ನೆಲಕ್ಕೆ ಎಸೆದ. “ಮರೆತಿಲ್ಲ ಕಣೇ! ಉಸಿರಾಡ್ತಿದ್ದೆ! ಉಸಿರಾಡೋಕೂ ನಿನ್ನ ಪರ್ಮಿಷನ್ ಬೇಕಾ?”

ಕ್ಲೆಲಿಯಾ ಮೇಡಂ ಕೂಗಾಡಲಿಲ್ಲ. ಅದೇ ಭಯ. “ಭಾನುವಾರದ ಆಟದಲ್ಲಿ ಮತ್ತೆ ಹೀಗಾದರೆ ಎರಡನೇ ವರ್ಷದ ಮಾತು ಎತ್ತಬೇಡ ಒರ್ಸೊಲಾ.”

ಭಾನುವಾರ ಅಪ್ಪ ಬರುತ್ತಿದ್ದಾರೆ.

ಫೆಬ್ರವರಿ 22

ಬರೆಯಲಾರೆ.

ಫೆಬ್ರವರಿ 24, ಶುಕ್ರವಾರ

ಮಧ್ಯಾಹ್ನ ಅರ್ತೇಮಿಯೊ ಹಾಸ್ಟೆಲ್ ಬಾಗಿಲಿಗೇ ಬಂದರು. ಗಂಡಸರಿಗೆ ಒಳಗೆ ಪ್ರವೇಶವಿಲ್ಲ, ಎಂಬತ್ತು ವರ್ಷವಾದರೂ. ಮೆಟ್ಟಿಲ ಮೇಲೆ ಕೂತೆವು. ಸೈಕಲ್ ಬುಟ್ಟಿಯಿಂದ ಪೇಪರ್ ಸುತ್ತಿದ ದಪ್ಪ ಪುಸ್ತಕ ತೆಗೆದರು.

“ಥಿಯೇಟರ್ ಬೀರುವಿನಲ್ಲಿತ್ತು. ಇದೇ ಆಪೆರಾ. ನಿಮ್ಮಮ್ಮ ಪ್ರಾಂಪ್ಟ್ ಮಾಡಿದ ಪ್ರತಿ.”

ಪುಟಪುಟಕ್ಕೂ ಅಮ್ಮನ ಪೆನ್ಸಿಲ್. ಬಾಣ, ಗೆರೆ, ‘ಇವನು ಇಲ್ಲಿ ಮರೆಯುತ್ತಾನೆ, ಕತ್ತೆ’. ನಗು ಬಂತು. ತಿರುಗುವ ಜಾಗದ ಪುಟ ಬಂತು. ಮೌನದ ಗುರುತಿನ ಮೇಲೆ ಒಂದು ಪುಟ್ಟ ಕಣ್ಣು.

ಅದರ ಮೇಲೆ ಬೆರಳಿಟ್ಟೆ. “ಇದು... ಏನಿದು?”

“ಅವಳದೇ ಗುರುತು. ಎಲ್ಲಾ ಸಾಲಿಗೂ ಪದ ಕೊಡ್ತೀವಿ. ಕಣ್ಣು ಇರೋ ಕಡೆ ಮಾತ್ರ ಕೊಡಬಾರದು. ಹಾಡೋನ ಕಣ್ಣನ್ನೇ ನೋಡ್ತಾ ಕಾಯ್ಬೇಕು. ಗೂಡಿನ ಕಡೆ ನೋಡಿದ್ನಾ, ಮರೆತಿದಾನೆ, ತಕ್ಷಣ ಕೊಡು. ನೋಡ್ಲಿಲ್ವಾ, ಅವನಿಗೆ ಪಾಠ ಬರುತ್ತೆ. ಬಾಯಿ ಮುಚ್ಕೊಂಡಿರು.”

“ಅಷ್ಟೇನಾ?”

“ಅಷ್ಟೇನಾ ಅಂತೀಯಲ್ಲ! ಪದ ಕೊಡೋದು ಗಿಣಿಗೂ ಬರುತ್ತೆ ಮಗಳೇ. ಕೊಡದೇ ಕಾಯೋದಿದೆಯಲ್ಲ, ಅದಕ್ಕೆ ನಿಮ್ಮಮ್ಮಂಗೆ ಎರಡು ವರ್ಷ ಹಿಡೀತು.”

ಅವರು ಹೋದ ಮೇಲೆ ಓಡಿಹೋಗಿ ಟಿನ್ ತೆರೆದೆ. ಪಕ್ಕದಲ್ಲಿ ಪುಸ್ತಕ ಇಟ್ಟೆ. ಅದೇ ಕಣ್ಣು. ಅದೇ ಮೂರು ರೆಪ್ಪೆಗೂದಲು.

ಬೇಕೇ ಬೇಕು ಅನ್ನಿಸಿದ್ರೆ ಮಾತ್ರ... ಅದು ಆರ್ಫಿಯಸ್‌ನ ನಿಯಮವೇ ಅಲ್ಲ. ಗೂಡಿನದು. ನಾನು ತಿರುಗಿದ್ದರೆ ಅಮ್ಮ ಬರುತ್ತಿದ್ದಳು.

ತಿರುಗಿದ್ದರೆ ಬರುತ್ತಿದ್ದಳು!

ಫೆಬ್ರವರಿ 26, ಭಾನುವಾರ. ಮಧ್ಯಾಹ್ನ 1

ಅಪ್ಪ ಬಂದರು. ಅದೇ ಕಂದು ಕೋಟು, ಕೈಯಲ್ಲಿ ಟೋಪಿ. ತೊರ್ತೆಲ್ಲಿ, ಅಂದರೆ ಕುಂಬಳಕಾಯಿ ಹೂರಣದ ಕಡುಬು, ತಿನ್ನಿಸಿದೆ. “ಸಿಹಿಯಾಗಿದೆ,” ಅಂದರು, ದೂರು ಕೊಡುವ ಹಾಗೆ. ಜೇಬಿನಿಂದ ಬರ್ಮಿಂಗ್‌ಹ್ಯಾಮ್ ಕಾಲೇಜಿನ ಫಾರ್ಮು ಇಣುಕುತ್ತಿತ್ತು. ಆಟ ಮೂರೂವರೆಗೆ.

ಅದೇ ದಿನ. ಸಂಜೆ 7

ಕೋಟೂ ಕಳಚದೆ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಗೂಡಿಗೆ ಇಳಿಯುವಾಗ ಸಾವೇರಿಯೊ ಬಗ್ಗಿ “ತೋಳದ ಬಾಯಿಗೆ, ಇಂಗ್ಲಿಷ್,” ಅಂದ. ನಾನು “ಸಾಯಲಿ ತೋಳ,” ಅಂದೆ. ಇವರ ಹಾರೈಕೆಯೇ ಹೀಗೆ. ಅವನು ಹಾರೈಸುತ್ತಾನೆ ಅಂದುಕೊಂಡಿರಲಿಲ್ಲ.

ಅಮ್ಮನ ಪ್ರತಿಯನ್ನೇ ತೆರೆದಿಟ್ಟುಕೊಂಡಿದ್ದೆ. ಮೂರು ಅಂಕ ಸರಿಯಾಗಿ ಹೋಯಿತು. ನಾಲ್ಕನೆಯದು. ಹತ್ತುತ್ತಿದ್ದಾನೆ. ನಿಂತ. ವಾದ್ಯ ನಿಂತಿತು. ಪುಟದ ಮೇಲೆ ಕಣ್ಣು.

ಒಂದು. ಎರಡು. ಅವನ ಮುಖ ನೋಡಿದೆ, ಬೂಟು ಬಿಟ್ಟು ಮೊದಲ ಸಲ ಮುಖ. ಐದು. ಆರು. ರಿಹರ್ಸಲ್‌ನಲ್ಲಿ ಇಷ್ಟು ಹೊತ್ತು ಯಾವತ್ತೂ ನಿಂತಿರಲಿಲ್ಲ. ಮರೆತನೇ? ಪದ ನಾಲಿಗೆಯ ತುದಿಯಲ್ಲಿತ್ತು. ತುಟಿ ಕಚ್ಚಿಕೊಂಡೆ. ಮೇಲೆ ಯಾರೋ ಕೆಮ್ಮಿ ಅರ್ಧಕ್ಕೆ ನಿಲ್ಲಿಸಿದರು. ಒಂಬತ್ತು. ಅವನು ಗೂಡಿನ ಕಡೆ ನೋಡಲಿಲ್ಲ.

ಹತ್ತಕ್ಕೆ ತಾನೇ ತಿರುಗಿದ. ಯೂರಿಡಿಸ್ ಕತ್ತಲಿಗೆ ಸರಿದಳು. ಇಡೀ ಥಿಯೇಟರ್ ಉಸಿರು ಬಿಟ್ಟಿದ್ದು ಬೆನ್ನಿಗೆ ತಾಗಿತು.

ಐದನೇ ಅಂಕದಲ್ಲಿ, ಮಕ್ಕಳಿಗೂ ಬರುವ ಸುಲಭದ ಸಾಲು, ಸುಮ್ಮನೆ ನಿಂತ. ಕಣ್ಣು ನನ್ನ ಕಡೆ. ಕೊಟ್ಟೆ. ಹಾಡಿದ. ಯಾರಿಗೂ ಗೊತ್ತಾಗಲಿಲ್ಲ.

ಪರದೆಯ ಹಿಂದೆ ಸ್ಬ್ರಿಸೊಲೋನಾ ಗುದ್ದಿ ಮುರಿದರು. ದೊಡ್ಡ ಚೂರು ಸಾವೇರಿಯೊ ನನ್ನ ಕೈಗಿಟ್ಟ. “ಆ ಗ್ಯಾಪ್‌ನಲ್ಲಿ ನೀನೆಲ್ಲಿ ಬಾಯಿ ಹಾಕ್ತೀಯೋ ಅಂತ ಭಯಕ್ಕೇ ಅಷ್ಟು ಹೊತ್ತು ನಿಂತೆ ಕಣೇ!” ಎಲ್ಲರೂ ನಕ್ಕರು, ನಾನೂ. ಕ್ಲೆಲಿಯಾ ಮೇಡಂ ಬಂದವರು, “ಅಕ್ಟೋಬರ್‌ಗೆ ಬೇರೆ ಸ್ಕಾರ್ಫ್ ತಗೋ,” ಅಂದು ಹೋದರು. ಅಕ್ಟೋಬರ್ ಅಂದರೆ ಎರಡನೇ ವರ್ಷ. ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು.

ಫೆಬ್ರವರಿ 27, ಸೋಮವಾರ. ಸ್ಟೇಷನ್ ಬೆಂಚು, ಮಧ್ಯಾಹ್ನ 12

ಅಪ್ಪನ ರೈಲು 11.40ಕ್ಕೆ. ಮುಂಚೆಯೇ ಬಂದು ಇದೇ ಬೆಂಚಿನ ಮೇಲೆ ಕೂತಿದ್ದೆವು. ಟಿನ್ ತೋರಿಸಿದೆ, ಕಣ್ಣಿನ ಅರ್ಥ ಹೇಳಿದೆ. ಅಪ್ಪ ಮುಚ್ಚಳ ಹಿಡಿದುಕೊಂಡೇ ಇದ್ದರು.

“ಅದಕ್ಕೇನಾ,” ಅಂದರು. “ನೀನು ಬಾಗಿಲು ದಾಟೋ ತನಕ ಅವಳು ಕಾರು ಹತ್ತುತ್ತಿರಲಿಲ್ಲ. ಎಷ್ಟೇ ಚಳಿ ಇರಲಿ. ತಿರುಗಲಿಲ್ಲವಲ್ಲ, ನಡಿ ಹೋಗೋಣ ಅಂತಿದ್ದೆ. ‘ಅವಳಿಗೆ ಪಾಠ ಬರುತ್ತೆ’ ಅಂತ ಹೇಳಿ ಹತ್ತೋಳು. ಏನು ಪಾಠ ಅಂತ ನಾನು ಕೇಳಲೇ ಇಲ್ಲ.”

“ಕೊನೇ ಸಲ ನನಗೆ ತಿರುಗಬೇಕು ಅನ್ನಿಸಿತ್ತು ಅಪ್ಪ. ತುಂಬಾ.”

ಅಪ್ಪ ಸುಮ್ಮನಾದರು. ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಗೂಡ್ಸ್ ಗಾಡಿ ಹಾದುಹೋಯಿತು. ಹಳೇ ನಾನಾಗಿದ್ದರೆ ಏನಾದರೂ ಹೇಳಿ ಆ ಮೌನ ತುಂಬಿಸುತ್ತಿದ್ದೆ. ಪದ ಕೊಡಲಿಲ್ಲ. ಕಾದೆ.

“ಅವಳಿಗೂ ಅನ್ನಿಸಿತ್ತು ಒರ್ಸ್. ನೀನು ಒಳಗೆ ಹೋದ ಮೇಲೆ ಬಾಗಿಲ ತನಕ ಹೋದಳು. ಬೆಲ್ ಮೇಲೆ ಕೈ ಇಟ್ಟಳು. ನಾನು ಹಾರ್ನ್ ಹೊಡೆದೆ... ಮೀಟಿಂಗ್ ಇತ್ತು ನನಗೆ. ವಾಪಸ್ ಬಂದಳು.”

ಆರು ವರ್ಷ ಅದನ್ನು ಒಬ್ಬರೇ ಇಟ್ಟುಕೊಂಡಿದ್ದರು. ಕೈ ಹಿಡಿದುಕೊಂಡೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಬಿಡಿಸಿಕೊಳ್ಳಲಿಲ್ಲ ಅವರು.

ರೈಲು ಬಂತು. ಫಾರ್ಮು ಜೇಬಿನಲ್ಲೇ ಉಳಿಯಿತು. ಅಪ್ಪ ಹತ್ತಿದರು. ನಾನು ಯಾವಾಗಲೂ ಮಾಡುವ ಹಾಗೆ ಬೆನ್ನು ಹಾಕಿ ಹೊರಟೆ. ಗಡಿಯಾರದ ತನಕ. ಪೇಪರ್ ಅಂಗಡಿ. ಹೊರಬಾಗಿಲು. ಒಂದು ಹೆಜ್ಜೆ ಬಾಕಿ.

ತಿರುಗಿದೆ.

ಅಪ್ಪ ಬೋಗಿಯ ಬಾಗಿಲಲ್ಲೇ ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು. ಎಷ್ಟು ವರ್ಷದಿಂದ ಹೀಗೆ ನಿಲ್ಲುತ್ತಿದ್ದಾರೋ. ನಾನು ತಿರುಗಿದ್ದು ಕಂಡ ಕೂಡಲೇ ಟೋಪಿ ಎತ್ತಿ, ಒಂದು ಕಾಲು ಕೆಳಗಿನ ಮೆಟ್ಟಿಲಿಗೆ ಇಟ್ಟರು, ನನ್ನ ಕಡೆ ಇಳಿದು ಬರುವವರ ಹಾಗೆ.