ಒಂಬತ್ತನೆಯ ದಿನದ ನಮಸ್ಕಾರ

ವೈಟ್ಟಿಲ, ಕೊಚ್ಚಿ
೧೪ ಜೂನ್ ೨೦೨೫

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಿನ್ನ ಫೋನ್ ಎತ್ತದೆ ಹತ್ತು ದಿನವಾಯಿತು, ಕ್ಷಮಿಸು. ನನ್ನ ಮೆಸೇಜುಗಳನ್ನು ನೀನು ನಂಬಲಿಲ್ಲ, ಅದಕ್ಕೇ ಈ ಕಾಗದ. "ಗಂಟಲಿನ ನೆಪವಾ? ಕೊಚ್ಚಿಯಲ್ಲಿ ಯಾರಿದ್ದಾರೆ?" ಎಂದು ಕೇಳಿದ್ದೆಯಲ್ಲ. ಇರುವುದು ಅಪರ್ಣಾ. ನಮ್ಮ ಆಫೀಸಿರುವ ಕಳಕ್ಕೂಟಂನ ಹಾಸ್ಟೆಲಿನಲ್ಲಿ ಜೊತೆಗಿದ್ದ ಮೈಸೂರಿನವಳು. ಬ್ಯಾಂಕಿನವರು ಇಲ್ಲಿಗೆ ವರ್ಗ ಮಾಡಿದ್ದಾರೆ. ಚಿಕಿತ್ಸೆ ಮುಗಿಯುವ ತನಕ ಅವಳ ಕೋಣೆಯಲ್ಲಿದ್ದೇನೆ.

ಕಾಲ್ ಸೆಂಟರಿನಲ್ಲಿ ದಿನಕ್ಕೆ ತೊಂಬತ್ತು ಕರೆಗಳಿಗೆ ಕನ್ನಡದಲ್ಲಿ ಉತ್ತರಿಸಿ, ಕಿವಿ ಕೇಳದವರಿಗೆ ಕೂಗಿ ಹೇಳಿ, ಧ್ವನಿತಂತುವಿನಲ್ಲಿ ರಕ್ತ ಒಸರಿದೆಯಂತೆ. ಎರಡು ವಾರ ಒಂದಕ್ಷರ ಆಡಬಾರದು. "ಪಿಸುಮಾತೂ ವೇಂಡ ಮೋಳೆ, ಬೇಡ ಮಗಳೇ, ಅದೂ ಕೆಟ್ಟದ್ದೇ" ಎಂದು ಧ್ವನಿ ಚಿಕಿತ್ಸೆಯ ವಸಂತಿ ಚೇಚಿ (ಇಲ್ಲಿ ಅಕ್ಕನಿಗೆ ಹಾಗೆನ್ನುತ್ತಾರೆ) ತುಟಿಗೆ ಬೆರಳಿಟ್ಟು ತೋರಿಸಿದರು. ಸ್ಲೇಟು ಹಿಡಿದು ತಿರುಗುತ್ತೇನೆ. "ಮೊದಲೂ ನೀನು ಮಾತಾಡ್ತಿದ್ದಿದ್ದು ಅಷ್ಟರಲ್ಲೇ ಇತ್ತು ಕಣೇ!" ಎಂದು ಅಪರ್ಣಾ ನಗುತ್ತಿದ್ದಳು.

ನಮ್ಮ ಮೇಲಧಿಕಾರಿ ಅಭಿಜಿತ್‌ಗೆ ನನ್ನ ರಜೆಯ ಮೇಲೇ ಅನುಮಾನ. ಬೇರೆ ಕೆಲಸ ಹುಡುಕಲು ಹೋಗಿದ್ದೇನೆ ಎಂದು. ಅವರ ಕಾಟ ತಪ್ಪಲೆಂದು ಹೊಸ ಸಿಮ್ ಹಾಕಿಸಿದೆ. ನಂಬರು ಕೊಟ್ಟದ್ದು ಚೇಚಿಗೆ, ಅಪರ್ಣಾಗೆ, ನಿನಗೆ ಮಾತ್ರ. ಒಂಬತ್ತನೆಯ ದಿನ ಮಧ್ಯಾಹ್ನ ತೂಕಡಿಸುತ್ತಿದ್ದಾಗ ಅದು ರಿಂಗಾಯಿತು. ಕೈ ತಾನಾಗಿ ಒತ್ತಿತು, ಬಾಯಿ ತಾನಾಗಿ ಹೇಳಿತು: "ನಮಸ್ಕಾರ, ನಿಮಗೇನು ಸಹಾಯ ಬೇಕಿತ್ತು?"

ಆ ಕಡೆ ನಮ್ಮ ಆಫೀಸಿನ ಶಾಲಿನಿ ನಕ್ಕಳು. "ಸ್ವರ ಸರಿಯೇ ಉಂಟಲ್ಲ ಮಾರಾಯ್ತಿ!"

ಸಂಜೆ ಅಭಿಜಿತ್ ಅವರ ಮೇಲ್ ಬಂತು. ರಜೆ ರದ್ದು, ಸೋಮವಾರ ಬರದಿದ್ದರೆ ಮತ್ತೆ ಬರುವುದೇ ಬೇಡ. ಈಗಲೇ ಹೋಗಿ ಕೂತರೆ ಸ್ವರ ಮೊದಲಿನಂತಾಗುವ ಭರವಸೆ ಇಲ್ಲ ಎನ್ನುತ್ತಾರೆ ಚೇಚಿ. ನಾನು ಹೋಗುವುದಿಲ್ಲ ಅಮ್ಮ.

ಆದರೆ ನಂಬರು ಕೊಟ್ಟವರು ಯಾರು? ಅಪರ್ಣಾ ಕಳಕ್ಕೂಟಂನ ಹಳೆಯ ಗೆಳತಿಯರೊಡನೆ ದಿನವೂ ಹರಟುತ್ತಾಳೆ. ಸ್ಲೇಟಿನಲ್ಲಿ ಬರೆದು ತೋರಿಸಿದೆ: "ನೀನೇ ಅಲ್ಲವೇ?" ಅವಳು ಓದಿ, ದುಪಟ್ಟಾದ ಅಂಚಿನಿಂದ ಅಳಿಸಿ, ಸ್ಲೇಟನ್ನು ನನ್ನ ಮಡಿಲಿಗೆ ಇಟ್ಟಳು. ಅಂದಿನಿಂದ ಈ ಕೋಣೆಯಲ್ಲಿ ಇಬ್ಬರಿಗೂ ಮೌನ.

ಅಪ್ಪನಿಗೆ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದವಿರಲಿ.

ನಿನ್ನ ಮಗಳು,
ಶ್ರೀವಿದ್ಯಾ

ತಾ.ಕ.: ಮಡಚುವ ಮೊದಲು ಕಾಗದವನ್ನು ಮತ್ತೊಮ್ಮೆ ಓದಿದೆ. ಶಾಲಿನಿಯ ಮಾತನ್ನು ಪೂರ್ತಿ ಬರೆದಿಲ್ಲ ಎಂಬುದು ಆಗ ನೆನಪಾಯಿತು. ನಗುವ ಮೊದಲು ಅವಳು "ಏನು ತುಪ್ಪಿ?" ಎಂದಿದ್ದಳು. ಗಾಬರಿಯಲ್ಲಿ ಅದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ತುಪ್ಪಕ್ಕೆ ಹಟ ಮಾಡುತ್ತಿದ್ದೆನೆಂದು ನೀನು ಇಟ್ಟ ಹೆಸರು. ಅಪರ್ಣಾಗೆ ಅದು ಗೊತ್ತಿಲ್ಲ, ಚೇಚಿಗೂ ಗೊತ್ತಿಲ್ಲ.

ನಾನು ನಿಜ ಹೇಳುತ್ತಿದ್ದೇನೆಯೇ ಎಂದು ಆಫೀಸಿಗೆ ಫೋನ್ ಮಾಡಿ ಕೇಳಿದೆಯಾ ಅಮ್ಮ? ಉತ್ತರ ಬರೆದು ಕಳಿಸು. ಅಪರ್ಣಾಗೆ ಸ್ಲೇಟಿನಲ್ಲಿ ಏನು ಬರೆಯಲಿ ಎಂಬುದನ್ನೂ ಬರೆ.